ಹನ್ನೆರಡನೆಯ ಹಾಳೆಯ ಪಾಚಿ

ಬೆಳಿಗ್ಗೆಯಿಂದ ಲಿಯಾನ್ ಎಪ್ಪತ್ತು ಸಲ ತನ್ನ ಹೆಸರನ್ನು ಅಚ್ಚು ಹಾಕಿದ್ದ. ಒಂದು ಸಲವೂ ಅದನ್ನು ನೇರವಾಗಿ ನೋಡಿರಲಿಲ್ಲ. ಮೇಜಿನ ಎಡಕ್ಕೆ ನೂರು ಹಾಳೆಗಳ ಕಟ್ಟನ್ನು ಮರದ ಪಟ್ಟಿ ಕೊಟ್ಟು ಬಿಗಿಯಲಾಗಿತ್ತು. ಬಲಕ್ಕೆ, ನಡುವಿನ ಸೀಳಿನ ಆಚೆ, ಮರಸೇಬಿನ ಮರದ ಹಲಗೆ ಮೇಣ ಮತ್ತು ರಾಳದ ಮೇಲೆ ಅಲ್ಲಾಡದೆ ಕೂತಿತ್ತು. ಹಲಗೆಗೆ ಮಸಿ ಸವರುವುದು, ಕಟ್ಟಿನಿಂದ ಒಂದು ಹಾಳೆ ಎಳೆದು ಅದರ ಮೇಲೆ ಹಾಸುವುದು, ನಾರಿನ ಹಿಡಿಯಿಂದ ಹಾಳೆಯ ಬೆನ್ನು ತಿಕ್ಕುವುದು, ಎತ್ತಿ ಸೀಳಿನೊಳಕ್ಕೆ ಇಳಿಬಿಡುವುದು. ಎತ್ತುವಾಗ ಅವನ ಕಣ್ಣು ಚಿತ್ರದ ಬಂಡೆಯ ನೆತ್ತಿಯ ಮೇಲೆ, ಮಸಿ ತೆಳುವಾಗಿ ಕಾಗದದ ಬಿಳುಪಿನಲ್ಲಿ ಕರಗಬೇಕಾದ ಜಾಗದಲ್ಲಿ ನಿಲ್ಲುತ್ತಿತ್ತು, ಬುಡಕ್ಕೆ ಇಳಿಯುತ್ತಿರಲಿಲ್ಲ. ಬುಡದಲ್ಲಿ ಒಂದು ಬಿರುಕು. ಒಂದು ನಿಂತ ಗೆರೆ, ಅದರ ನಡುವಿಂದ ಬಲಕ್ಕೆ ಹೊರಟ ಒಂದು ಗಿಡ್ಡ ಗೆರೆ. ಕಲ್ಲು ನೋಡುವವನಿಗೆ ಅದು ಕಲ್ಲಿನ ಬಿರುಕು. ಅಕ್ಷರ ಬಲ್ಲವನು ಕಣ್ಣು ಕಿರಿದು ಮಾಡಿ ನೋಡಿದರೆ ಅದು 'ಬು', ಲಿಯಾನ್ ಹುಟ್ಟಿದಾಗ ಇದ್ದ ಮನೆತನದ ಹೆಸರು. ಚಿತ್ರ ಸಂಪುಟದ ಹನ್ನೆರಡನೆಯದಾದ ಈ ಹಾಳೆಗೆ ಇನ್ನು ಹನ್ನೊಂದು ಬಣ್ಣದ ಹಲಗೆ ಬೀಳಬೇಕು: ಎಲೆಗಳು, ಹೂವು, ಹೂವಿನ ಮೇಲಿನ ದುಂಬಿ. ಬಂಡೆ ಇವತ್ತು ದಾಟಿಬಿಟ್ಟರೆ ಆಯಿತು. ಈ ಅಚ್ಚಿನ ಮನೆಯ ಯಜಮಾನ, ಅವನ ಮಾವ, ಮುದುಕ ಗೊಂಗ್ ಒಪ್ಪಿ ಮುದ್ರೆ ಒತ್ತಿದ ಮೇಲೆ ಈ ನೂರು ಹಾಳೆ ಸುಜೌ, ಹಾಂಗ್‌ಜೌ, ಬೀಜಿಂಗಿನ ದೊಡ್ಡವರ ಮನೆಗಳಿಗೆ ಹೋಗುತ್ತವೆ, ಅಲ್ಲಿ ರೇಷ್ಮೆಯ ಹೊದಿಕೆಯೊಳಗೆ 'ಬು' ಇರುತ್ತದೆ, ಯಾವ ಕೀಸುಳಿಯೂ ಅದನ್ನು ಮುಟ್ಟಲಾರದು. ಅಷ್ಟು ಸಾಕು ಎಂದುಕೊಂಡ. ಅಷ್ಟಾದರೂ ಬೇಕು ಎಂದುಕೊಂಡ.

ಗಾಳಿ ಒಣಗಿತ್ತು. ಒಂಬತ್ತನೆಯ ತಿಂಗಳಲ್ಲಿ ನಾನ್‌ಜಿಂಗ್‌ನ ಗಾಳಿ ಹೀಗೇ, ತುಟಿ ಒಡೆಸುತ್ತದೆ, ತೇವ ಮಾಡಿಟ್ಟ ಹಾಳೆಯ ತೇವ ಕುಡಿದುಬಿಡುತ್ತದೆ. ತೇವ ಹೋದ ಹಾಳೆ ಕುಗ್ಗುತ್ತದೆ, ಕುಗ್ಗಿದ ಹಾಳೆಯ ಮೇಲೆ ಎಲೆ ಬಿದ್ದಲ್ಲಿ ಹೂವು ಬೀಳುವುದಿಲ್ಲ. ಅವನು ಕಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿದ. ಹೀಗೆ ಹೊದಿಸುವಾಗಲೆಲ್ಲ ಹೆಂಡತಿ ಪೇಯುನ್ ಕೂಸಿಗೆ ಬಟ್ಟೆ ಹೊದಿಸುವುದು ನೆನಪಾಗುತ್ತಿತ್ತು, ನೆನಪಾದರೆ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಕೂಸಿಗೆ ಈಗ ಮೂರು ತಿಂಗಳು. ಎರಡನೆಯ ಗಂಡು. ಮದುವೆಯ ದಿನ ಕೆಂಪು ಕಾಗದದ ಮೇಲೆ ಬರೆದಿತ್ತು: ಬು ಮನೆಯ ಲಿಯಾನ್ ಗೊಂಗ್ ಮನೆಗೆ ಮನೆ ಅಳಿಯನಾಗಿ ಬರುತ್ತಾನೆ, ಗೊಂಗ್ ಹೆಸರು ಇಟ್ಟುಕೊಳ್ಳುತ್ತಾನೆ, ಅತ್ತೆ ಮಾವರನ್ನು ಅಪ್ಪ ಅಮ್ಮ ಅನ್ನುತ್ತಾನೆ; ಹಿರಿಯ ಮಗ ಗೊಂಗ್, ಎರಡನೆಯ ಮಗ ಬು. ಆ ಕೊನೆಯ ಸಾಲಿಗಾಗಿ ಅವನ ಅಪ್ಪ ಮೂರು ದಿನ ಮುದುಕ ಗೊಂಗನ ಅಂಗಳದಲ್ಲಿ ಕೂತಿದ್ದ. ಆ ಸಾಲಿಗಾಗಿಯೇ ಲಿಯಾನ್ ಒಂಬತ್ತು ವರ್ಷ ಈ ಮನೆಯ ಗಂಜಿ ಕುಡಿದಿದ್ದ. ಕೂಸಿನ ತಲೆಗೂದಲು ತೆಗೆಸುವ ದಿನ, ಒಂದು ತಿಂಗಳು ತುಂಬಿದಾಗ, ಮುದುಕ ಕೆಂಪು ಬಳಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ ತಲೆ ಎತ್ತದೆ ಹೇಳಿದ: "ದೊಡ್ಡವನಿಗೆ ಚಳಿಗಾಲದಲ್ಲಿ ಕೆಮ್ಮು ಬಿಡೋದಿಲ್ಲ, ನೀನೇ ನೋಡ್ತಿದೀಯ. ಒಂದೇ ಕಂಬದ ಮೇಲೆ ಮನೆ ನಿಲ್ಲಿಸಬಾರದು ಕಣಪ್ಪ. ಇವನೂ ಗೊಂಗ್ ಆಗಿರಲಿ. ಮುಂದಿನದು ನಿಂದು." ಲಿಯಾನ್ ಹೂಂ ಅಂದ. ಯಾಕೆ ಹೂಂ ಅಂದೆ ಎಂದು ಎರಡು ತಿಂಗಳಿಂದ ಕೇಳಿಕೊಳ್ಳುತ್ತಿದ್ದಾನೆ. ಬಾಯಿ ತುಂಬ ಮೊಟ್ಟೆ ಇತ್ತು. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡು ಇಲ್ಲ ಅನ್ನುವುದು ಕಷ್ಟ, ಹೂಂ ಅನ್ನುವುದು ಸುಲಭ.

ಆ ದಿನ ಅವನ ಅಮ್ಮನೂ ಬಂದಿದ್ದಳು, ದೊಡ್ಡ ನದಿ ದಾಟಿ, ಎರಡು ಕೋಳಿ ಹಿಡಿದುಕೊಂಡು. ಅವಳನ್ನು ಬಾಗಿಲ ಹತ್ತಿರದ ಮೇಜಿಗೆ, ಕಾಗದ ತಂದು ಹಾಕುವವರ ಜೊತೆ ಕೂರಿಸಿದ್ದರು. ಅವಳು ಅವನ ತೋಳು ಹಿಡಿದು ಮೆಲ್ಲಗೆ ಕೇಳಿದಳು: "ನಮ್ಮದು ಇದೇ ತಾನೆ?" ಕೂಸು ಪೇಯುನ್‌ಳ ತೊಡೆಯ ಮೇಲಿತ್ತು. "ಇದೇ ಅಮ್ಮ" ಅಂದ. ಅವಳು ಕೋಳಿಗಳನ್ನು ಅಲ್ಲೇ ಬಿಟ್ಟು ಹೋಗಿ ಕೂಸಿನ ಕಾಲು ಹಿಡಿದು ಕಣ್ಣಿಗೊತ್ತಿಕೊಂಡಳು. ಪೇಯುನ್ ಕಾಲನ್ನು ಮೆಲ್ಲಗೆ ಬಿಡಿಸಿ ಬಟ್ಟೆಯೊಳಗೆ ಎಳೆದುಕೊಂಡಳು. ಅತ್ತೆಯ ಕೈ ಒರಟು, ಕೂಸಿಗೆ ಗೀರುತ್ತದೆ ಎಂದಳು. ಸುಳ್ಳನ್ನು ಅಮ್ಮ ಊರಿಗೆ ಹೊತ್ತುಕೊಂಡು ಹೋದಳು, ಅಪ್ಪನ ಸಮಾಧಿಯ ಮುಂದೆ ಹೇಳಿರುತ್ತಾಳೆ, ಊದುಬತ್ತಿ ಹಚ್ಚಿರುತ್ತಾಳೆ. ಸತ್ತವನಿಗೂ ಸುಳ್ಳು ಹೇಳಿಸಿದವನು ನಾನು ಎಂದುಕೊಂಡು ಲಿಯಾನ್ ಎಪ್ಪತ್ತೊಂದನೆಯ ಹಾಳೆ ಎಳೆದ.

ರಾತ್ರಿ ಮಲಗುವಾಗ ಪೇಯುನ್‌ಳನ್ನು ಒಮ್ಮೆ ಕೇಳಿದ್ದ, ಮುಂದಿನದು ಹೆಣ್ಣಾದರೆ? ಅವಳು ಗೋಡೆಗೆ ತಿರುಗಿ ಹೇಳಿದ್ದಳು: "ಆ ಹೆಸರು ಇಟ್ಟುಕೊಂಡು ಏನು ಮಾಡ್ತೀರಿ, ಅನ್ನಕ್ಕೆ ಕಲಸ್ಕೊಂಡು ತಿಂತೀರಾ? ಎರಡು ಗೆರೆಯ ಹೆಸರು. ನಮ್ಮದು ಬರೆಯೋಕೆ ಇಪ್ಪತ್ತೆರಡು ಗೆರೆ ಬೇಕು." ಅದು ನಿಜ. ಗೊಂಗ್ ಎಂದು ಬರೆಯುವಾಗ ಮೇಲೆ ಒಂದು ಇಡೀ 'ಡ್ರ್ಯಾಗನ್' ಅಕ್ಷರ ಬರೆಯಬೇಕು. ಒಂಬತ್ತು ವರ್ಷ ಆ ಡ್ರ್ಯಾಗನ್ ತನ್ನ ಹೆಗಲ ಮೇಲೆ ಕೂತಿದೆ ಎಂದು ಅವನಿಗೆ ಆಗಾಗ ಅನಿಸುತ್ತಿತ್ತು, ಆದರೆ ಆ ರಾತ್ರಿ ಮೊದಲ ಸಲ ಹೊಳೆದದ್ದು ಬೇರೆ. ಇಪ್ಪತ್ತೆರಡು ಗೆರೆ ಎಲ್ಲೂ ಅಡಗಲಾರವು. ಎರಡು ಗೆರೆ ಎಲ್ಲಿ ಬೇಕಾದರೂ ಅಡಗುತ್ತವೆ.

ಹೀಗೆ ಅವನು ಝಾನ್‌ನ ಹತ್ತಿರ ಹೋಗಿದ್ದ. ಝಾನ್ ಹುಯ್‌ಜೌ ಕಡೆಯ ಕೆತ್ತನೆಯವನು, ಐವತ್ತು ದಾಟಿದ ಒಣಕಲು ಮನುಷ್ಯ, ಮೂವತ್ತು ವರ್ಷದಿಂದ ಇದೇ ಮನೆಯಲ್ಲಿ ಹಲಗೆ ಕೆತ್ತುತ್ತಿದ್ದ. ಅವನ ಕಡೆಯವರಿಗೆ ಒಂದು ಚಟ: ಚಿತ್ರದ ಯಾವುದಾದರೂ ಮೂಲೆಯಲ್ಲಿ, ಸೇತುವೆಯ ಕೆಳಗೋ ಪರದೆಯ ಅಂಚಿನಲ್ಲೋ, ಸಾಸಿವೆಯಷ್ಟು ಅಕ್ಷರದಲ್ಲಿ ತಮ್ಮ ಹೆಸರು ಕೆತ್ತಿಬಿಡುತ್ತಾರೆ. ಈ ವಸಂತದಲ್ಲಿ ಹಾಗೆ ಒಂದು ಬಿದಿರಿನ ಗಂಟಿನಲ್ಲಿ ಝಾನ್ ಎಂದು ಸಿಕ್ಕಿದಾಗ ಮುದುಕ ಬೈಯಲಿಲ್ಲ. ಕೀಸುಳಿ ತರಿಸಿದ. "ಲಿಯಾನ್, ನೀನು ಹಲಗೆ ಹಿಡ್ಕೋ" ಅಂದ. ಲಿಯಾನ್ ಎರಡು ಕೈಯಲ್ಲಿ ಹಲಗೆ ಒತ್ತಿ ಹಿಡಿದುಕೊಂಡ, ಝಾನ್ ತನ್ನ ಹೆಸರನ್ನು ತಾನೇ ಕೀಸಿದ, ಚಕ್ಕೆ ಎದ್ದು ಲಿಯಾನ್‌ನ ಬೆರಳ ಮೇಲೆ ಬಿತ್ತು. ಅದಾಗಿ ನಾಲ್ಕು ತಿಂಗಳಿಗೆ ಅದೇ ಬೆರಳುಗಳಿಂದ ಚಿತ್ರದ ಕಾಗದವನ್ನು ಹಲಗೆಗೆ ಮಗುಚಿ ಅಂಟಿಸಿ, ಅಂಟಿಸುವ ಮುಂಚೆ ಕುಂಚದ ತುದಿಯಿಂದ ಬಂಡೆಯ ಬುಡಕ್ಕೆ ಎರಡು ಗೆರೆ ಸೇರಿಸಿ, ಝಾನ್‌ನ ಮುಂದೆ ಇಟ್ಟಿದ್ದ. ಝಾನ್ ಕಾಗದದ ಬೆನ್ನಿನಿಂದಲೇ ಓದಿದ. ಉಲ್ಟಾ ಓದುವುದೇ ಅವನ ಬದುಕು. ಬಹಳ ಹೊತ್ತು ನಕ್ಕ, ಸದ್ದಿಲ್ಲದೆ, ಹೆಗಲು ಕುಣಿಸುತ್ತ. "ಎರಡೇ ಏಟು ಅಳಿಯಂದ್ರೇ. ಒಂದು ವಂಶ ಉಳಿಯೋಕೆ ಎರಡು ಏಟು ಸಾಕಾ? ನಮ್ಮ ಹೆಂಗಸರು ಹಾಗಾದ್ರೆ ಸುಮ್ನೆ ಹೆರ್ತಾರೆ." ಆಮೇಲೆ ಉಳಿ ಎತ್ತಿಕೊಂಡ. ಏನೂ ಕೇಳಲಿಲ್ಲ, ಕೀಸುಳಿಯ ಮಾತೂ ಎತ್ತಲಿಲ್ಲ. ಅವನು ಏನೂ ಕೇಳದೇ ಇದ್ದದ್ದು ಲಿಯಾನ್‌ಗೆ ಹಿತವಾಗಲಿಲ್ಲ. ಏನಾದರೂ ಕೇಳಿದ್ದರೆ ಕೊಟ್ಟು ಮುಗಿಸಬಹುದಿತ್ತು.

ಪೇಯುನ್ ಬಣ್ಣದ ಬಟ್ಟಲುಗಳ ತಟ್ಟೆ ಹಿಡಿದು ಬಂದಳು. ಈ ಮನೆಯ ಬಣ್ಣ ಕಲಸುವುದು ಅವಳ ಕೆಲಸ. ಏಳು ವರ್ಷದವಳಿದ್ದಾಗಿನಿಂದ ಅವಳ ಉಗುರಿನ ಸಂದಿಯಲ್ಲಿ ನೀಲಿ ಇದೆ. ಎಲೆಯ ಹಸಿರನ್ನು ಮೇಜಿನ ಮೇಲಿಟ್ಟು, ಅಭ್ಯಾಸದಂತೆ ಬಗ್ಗಿ ಸೀಳಿನ ಕೆಳಗೆ ಜೋತಾಡುತ್ತಿದ್ದ ಹಾಳೆಗಳಲ್ಲಿ ಒಂದರ ಅಂಚನ್ನು ಎತ್ತಿ ನೋಡಿದಳು. ಲಿಯಾನ್‌ನ ಕೈ ನಾರಿನ ಹಿಡಿಯ ಮೇಲೆ ನಿಂತಿತು. ಅವಳು ನೆತ್ತಿಯನ್ನು ನೋಡಿದಳು, ನಡುವನ್ನು ನೋಡಿದಳು, ಬುಡವನ್ನು ನೋಡಿದಳು. "ಬಿರುಕು ಚೆನ್ನಾಗಿ ಬಂದಿದೆ ರೀ" ಅಂದಳು. "ಯಾವ ಬಿರುಕು?" ಎಂದು ಅವನು ಕೇಳಿದ. ಕೇಳಬಾರದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಹಾಳೆಯನ್ನು ಮೃದುವಾಗಿ ಬಿಟ್ಟು, ಬಟ್ಟಲಿನ ಅಂಚಿಗೆ ಅಂಟಿದ ಹಸಿರನ್ನು ಬೆರಳಿಂದ ಒರೆಸಿ, ಹೋದಳು. ಮಿಕ್ಕ ಹಾಳೆಗಳನ್ನು ಅವನು ಎಷ್ಟು ಬೇಗ ಮುಗಿಸಿದನೆಂದರೆ ಕೊನೆಯ ಹತ್ತರಲ್ಲಿ ಬಂಡೆಯ ನೆತ್ತಿ ಕಪ್ಪಾಯಿತು. ನೂರೂ ಮುಗಿದರೆ ಮುದುಕ ಏನು ಮಾಡಬಲ್ಲ ಎಂದು ಅವನ ಲೆಕ್ಕ. ನೂರು ಹಾಳೆ ಒಳ್ಳೆಯ ಕಾಗದವನ್ನು ಮುದುಕ ಹರಿಯುವುದಿಲ್ಲ, ಬೇಕಾದರೆ ತನ್ನ ಚರ್ಮ ಹರಿದುಕೊಳ್ಳುತ್ತಾನೆ.

ಮುದುಕ ಗೊಂಗ್ ಬಂದಾಗ ಕೈಯಲ್ಲಿ ಹುರಿದ ಚೆಸ್ಟ್‌ನಟ್‌ಗಳಿದ್ದವು. ಅವಸರವಿಲ್ಲದೆ ಕೂತ, ಒಂದರ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡ, ಸೀಳಿನೊಳಗಿಂದ ಒಂದು ಹಾಳೆ ಎತ್ತಿ ತೊಡೆಯ ಮೇಲೆ ಹರಡಿಕೊಂಡ. ಅಚ್ಚಿನ ಮನೆಯಲ್ಲಿ ಆರು ಜನ ಕೆಲಸದವರಿದ್ದರು. ಎಲ್ಲರ ಕೈಯೂ ನಡೆಯುತ್ತಿತ್ತು, ಎಲ್ಲರ ಕಿವಿಯೂ ಇತ್ತ ಇತ್ತು.

"ಲಿಯಾನ್, ನನ್ನ ಕಣ್ಣು ಈಗ ಮಂಜು. ಇಲ್ಲಿ ಇದೇನು ನೋಡು."

"ಬಿರುಕು, ಅಪ್ಪ."

"ಬಿರುಕಾ. ನಾನು ಅಕ್ಷರವೇನೋ ಅಂದ್ಕೊಂಡೆ. ಅಕ್ಷರ ಅಲ್ಲ ತಾನೆ?"

"ಅಲ್ಲ ಅಪ್ಪ."

"ಸರಿಯಾಗಿ ನೋಡಿ ಹೇಳು. ನೀನು ಓದಿದವನು."

"ಅಲ್ಲ. ಕಲ್ಲಿನ ಬಿರುಕು."

"ಹಾಗಾದ್ರೆ ಸರಿ. ಅಕ್ಷರ ಅಲ್ಲ, ಬಿರುಕು. ಅಳಿಯ ಅಲ್ಲ, ಮಗಳ ಗಂಡ." ಮುದುಕ ಇನ್ನೊಂದು ಚೆಸ್ಟ್‌ನಟ್ ಒಡೆದ. ಯಾರೋ ಮೂಗಿನಲ್ಲಿ ನಕ್ಕರು. "ಆದ್ರೆ ಚಿತ್ರ ಬರೆದವರು ಕೊಟ್ಟ ಕಾಗದದಲ್ಲಿ ಈ ಬಿರುಕು ನಾನು ನೋಡಿರಲಿಲ್ಲ. ಝಾನ್‌ನ ಕರೀರಿ."

ಝಾನ್ ಬಂದು ನಿಂತ, ಮೊಣಕಾಲ ಮೇಲಿನ ಮರದ ಹುಡಿಯನ್ನೂ ಕೊಡವದೆ. ಲಿಯಾನ್ ಬಣ್ಣದ ಬಟ್ಟಲಿನೊಳಗೆ ನೋಡುತ್ತಿದ್ದ. ಎಲೆಯ ಹಸಿರಿನ ಮೇಲೆ ಧೂಳು ಕೂತಿತ್ತು. ಅದನ್ನು ಈಗಲೇ ತೆಗೆಯಬೇಕು ಎಂದು ಅವನಿಗೆ ಬಹಳ ಅನಿಸಿತು, ಅದೊಂದೇ ಕೆಲಸ ಲೋಕದಲ್ಲಿ ಉಳಿದಿದೆ ಎಂಬಂತೆ ಕುಂಚದ ತುದಿಯಿಂದ ಒಂದೊಂದೇ ಕಣ ಎತ್ತುತ್ತ ನಿಂತ.

"ಈ ಬಿರುಕು ಯಾಕೆ ಕೆತ್ತಿದೆ?" ಮುದುಕ ಕೇಳಿದ.

"ಹಲಗೆಗೆ ಅಂಟಿಸಿ ಕೊಟ್ಟ ಕಾಗದದಲ್ಲಿ ಏನಿತ್ತೋ ಅದನ್ನ ಕೆತ್ತಿದೀನಿ ಯಜಮಾನ್ರೇ."

"ಅಂಟಿಸಿ ಕೊಟ್ಟೋರು ಯಾರು?"

"ಅಳಿಯಂದ್ರು."

ಅಂಟಿಸಿದ ಕಾಗದ ಉಳಿಯ ಜೊತೆಗೇ ಚಕ್ಕೆಯಾಗಿ ಹಾರಿಹೋಗುತ್ತದೆ, ಆ ಚಕ್ಕೆ ಒಲೆಗೆ ಹೋಗುತ್ತದೆ. ಈ ಕಸುಬಿನಲ್ಲಿ ಕೆತ್ತಿದ ಮೇಲೆ ಯಾವ ಸಾಕ್ಷಿಯೂ ಇರುವುದಿಲ್ಲ. ಇದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಿಯಾನ್‌ಗೆ ಆ ಕ್ಷಣದಲ್ಲಿ ತೀರ ಸ್ಪಷ್ಟವಾಗಿ ಕಂಡದ್ದು ಝಾನ್ ಸುಳ್ಳು ಹೇಳಲಿಲ್ಲವಲ್ಲ ಎಂಬ ಕೋಪ. ಇಷ್ಟು ವರ್ಷದ ಮನುಷ್ಯ, ಕೈ ತಪ್ಪಿತು ಅಂದಿದ್ದರೆ ಏನಾಗುತ್ತಿತ್ತು? ಅವನಿಗೆ ಬೈಗುಳ ಬೀಳುತ್ತಿತ್ತು, ಅಷ್ಟೇ. ನನಗಾದರೆ? ನನಗೆ ಏನು ಎಂದು ಅವನು ಯೋಚಿಸಲಿಲ್ಲ, ನನಗೆ ಬಹಳ ಎಂದು ಮಾತ್ರ ಅನಿಸಿತು, ಮತ್ತು ತನ್ನ ದನಿ ತನಗೇ ಕೇಳಿಸಿತು, ಎಳ್ಳಷ್ಟೂ ನಡುಗದೆ, ಕೆಲಸದ ಮಾತಾಡುವ ದನಿಯಲ್ಲಿ:

"ನಾನು ಅಂಟಿಸಿದಾಗ ಅಲ್ಲಿ ಗೆರೆ ಇರಲಿಲ್ಲ."

ಝಾನ್ ಅವನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ಹಲಗೆಯಲ್ಲಿ ಹುಳು ಕೊರೆದ ತೂತು ಕಂಡರೆ ಅವನು ಹೀಗೇ ನೋಡುತ್ತಿದ್ದ, ಸ್ವಲ್ಪ ತಲೆ ವಾಲಿಸಿ, ಇದರ ಸುತ್ತ ಹೇಗೆ ಕೆತ್ತುವುದು ಎಂದು. ಮುದುಕ ಇಬ್ಬರನ್ನೂ ನೋಡಿದ. ಅವನಿಗೆ ಎಲ್ಲ ಗೊತ್ತಿದೆ ಎಂದು ಲಿಯಾನ್‌ಗೆ ಗೊತ್ತಾಯಿತು, ಗೊತ್ತಿದ್ದೂ ಅವನು ತನ್ನನ್ನು ಬಿಡುತ್ತಿದ್ದಾನೆ, ಬಿಡುವುದೇ ಹೆಚ್ಚು ರುಚಿ ಎಂದು ಬಿಡುತ್ತಿದ್ದಾನೆ.

"ಹಾಗಾದ್ರೆ ಝಾನ್‌ನ ಕೈ ಜಾರಿದೆ" ಅಂದ ಮುದುಕ. "ಮೂವತ್ತು ವರ್ಷ ಜಾರದ ಕೈ. ವಯಸ್ಸಾಯ್ತು, ಪಾಪ. ಇನ್ನು ಹದಿನೈದು ದಿನಕ್ಕೆ ನಿಮ್ಮೂರಿನ ಹೊಳೆಯಲ್ಲಿ ನೀರು ಇಳಿಯುತ್ತೆ, ದೋಣಿ ಸಿಗೋದಿಲ್ಲ. ಇವತ್ತೇ ಹೊರಟುಬಿಡು. ಹೋಗೋ ಮುಂಚೆ ಒಂದು ಚೂರು ಹಲಗೆ ಕೆತ್ತು. ನೂರು ಹಾಳೆ ಬಿಸಾಕೋಕಾಗುತ್ತಾ? ಬಿರುಕಿನ ಹತ್ತಿರ ಒಂದಿಷ್ಟು ಪಾಚಿ ಬರಲಿ. ಕಲ್ಲು ಅಂದ್ಮೇಲೆ ಪಾಚಿ ಇದ್ದದ್ದೇ. ಹಲಗೆಯ ತಪ್ಪನ್ನ ಇನ್ನೊಂದು ಹಲಗೆ ತಿದ್ದಬೇಕು, ನಮ್ಮ ಕಸುಬು ಅದೇ ತಾನೆ?"

"ಹೂಂ" ಅಂದ ಝಾನ್. ಅವನ ಬಾಯಲ್ಲಿ ಮೊಟ್ಟೆ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಉಪ್ಪು ಹಚ್ಚಿ ಬೇಯಿಸಿದ ಬಾತುಕೋಳಿ, ಬೇಯಿಸಿದ ತಾವರೆ ಗೆಡ್ಡೆ. ಮುದುಕ ತನ್ನ ಕೈಯಿಂದಲೇ ಬಾತುವಿನ ತೊಡೆಯನ್ನು ಲಿಯಾನ್‌ನ ಬಟ್ಟಲಿಗೆ ಹಾಕಿದ. "ತಿನ್ನು ಮಗ, ಬೆಳಿಗ್ಗೆಯಿಂದ ನಿಂತೇ ಇದೀಯ." ಲಿಯಾನ್ ತಿಂದ. ರುಚಿಯಾಗಿತ್ತು. ಈ ಹೊತ್ತಿನಲ್ಲೂ ನಾಲಗೆಗೆ ರುಚಿ ತಿಳಿಯುತ್ತದಲ್ಲ ಎಂದು ನಾಚಿಕೆಯಾಯಿತು, ಆದರೂ ಮೂಳೆಯ ಸುತ್ತಲಿನದನ್ನೂ ಬಿಡಿಸಿ ತಿಂದ. ಝಾನ್‌ಗೆ ಊರಿನಲ್ಲಿ ಹೆಂಡತಿ ಇದ್ದಾಳೆ, ಹೊಲ ಇದೆ, ಹೋಗಲಿ, ಹೋಗುವ ವಯಸ್ಸೇ ಎಂದು ತನಗೆ ತಾನೇ ಹೇಳಿಕೊಂಡ. ಝಾನ್‌ನ ಹೆಂಡತಿ ಸತ್ತು ನಾಲ್ಕು ವರ್ಷವಾಗಿದೆ ಎಂದು ನೆನಪಾಯಿತು. ಸುದ್ದಿ ಬಂದ ದಿನ ಝಾನ್ ಅರ್ಧ ದಿನ ರಜೆ ತೆಗೆದುಕೊಂಡು ಚಿನ್‌ಹುವಾಯ್ ಹೊಳೆಯ ದಡದಲ್ಲಿ ಕೂತಿದ್ದ, ಹೋಗಿ ಕರೆದುಕೊಂಡು ಬಾ ಎಂದು ಕಳಿಸಿದ್ದು ಲಿಯಾನ್‌ನನ್ನೇ. ಇಬ್ಬರೂ ಒಟ್ಟಿಗೆ ನಡೆದುಕೊಂಡು ಬಂದಿದ್ದರು. ಪಾಚಿ ಬಿದ್ದರೆ ಬಿರುಕು ಅರ್ಧ ಮುಚ್ಚಬಹುದು, ಅರ್ಧ ಉಳಿಯಬಹುದು. ನಿಂತ ಗೆರೆ ಉಳಿದರೂ ಸಾಕು ಎಂದು ಒಳಗೆ ಯಾವುದೋ ಒಂದು ನಾಚಿಕೆಗೆಟ್ಟ ಆಸೆ ಇನ್ನೂ ಬಾಯಿ ಬಿಡುತ್ತಿತ್ತು.

ಝಾನ್ ಎರಡು ಊದುಬತ್ತಿ ಉರಿಯುವಷ್ಟು ಹೊತ್ತಿನಲ್ಲಿ ಕೆಲಸ ಮುಗಿಸಿ ತಂದ. ಹೆಬ್ಬೆರಳ ಉಗುರಿನಷ್ಟು ಹಲಗೆ. ಅದನ್ನು ತೆಗೆದುಕೊಳ್ಳುವಾಗ ಅವನ ಕೈ ನೋಡಲಾರದೆ ಲಿಯಾನ್ ಹಲಗೆಯನ್ನೂ ನೋಡಲಿಲ್ಲ. ಮೇಣ ಕಾಯಿಸಿದ, ರಾಳ ಬೆರೆಸಿದ, ಚೂರನ್ನು ಮೇಜಿನ ಮೇಲೆ ಕೂರಿಸಿದ, ತೆಳು ಹಸಿರು ಸವರಿ ಮೊದಲ ಹಾಳೆ ಎಳೆದು ತಿಕ್ಕಿ ಎತ್ತಿದ. ಪಾಚಿ ಬಿರುಕನ್ನು ಮುಚ್ಚಿರಲಿಲ್ಲ. ಬಿರುಕಿನ ಎಡಕ್ಕೆ ಬಿದ್ದಿತ್ತು: ಓರೆಯಾಗಿ ಇಳಿದ ಒಂದು ಎಳೆ, ಮುರಿದು ಬಾಗಿದ ಇನ್ನೊಂದು ಎಳೆ, ನಡುವೆ ಒಂದು ಚುಕ್ಕಿ. ಕಲ್ಲಿನ ಮೇಲೆ ಎಲ್ಲರೂ ಕಂಡ ಪಾಚಿ. ಆದರೆ ಆ ಮೂರು ಎಳೆ ಸೇರಿದರೆ 'ಸಂಜೆ' ಎಂಬ ಅಕ್ಷರ. ಸಂಜೆಯ ಬಲಕ್ಕೆ 'ಬು' ನಿಂತರೆ ಎರಡೂ ಕೂಡಿ ಮೂರನೆಯದೇ ಒಂದು ಅಕ್ಷರ, ಅದರಲ್ಲಿ ಸಂಜೆಯೂ ಇಲ್ಲ, ಬು ಕೂಡ ಇಲ್ಲ. 'ಹೊರಗೆ.' ಊರಿನ ಶಾಲೆಯಲ್ಲಿ ಹುಡುಗರು ಅವನ ಹಲಗೆಯ ಮೇಲೆ ಬರೆದಿದ್ದ ಹೆಸರಿನ ಪಕ್ಕ ಮೂರು ಗೆರೆ ಎಳೆದು ಓಡಿಹೋಗುತ್ತಿದ್ದರು, ಹೊರಗೆ ಹೋಗೋ ಹೊರಗೆ ಹೋಗೋ ಎನ್ನುತ್ತ. ಈ ಮನೆಯಲ್ಲಿ ದೊಡ್ಡ ಮಗ ಮುದುಕನನ್ನು ತಾತ ಅನ್ನುತ್ತಾನೆ; ಲಿಯಾನ್‌ನ ಅಮ್ಮನನ್ನು, ತನ್ನ ಅಪ್ಪನನ್ನು ಹೆತ್ತವಳನ್ನು, ತಾಯಿಯ ಕಡೆಯವಳನ್ನು ಕರೆಯುವಂತೆ ಹೊರಗಿನ ಅಜ್ಜಿ ಅನ್ನುತ್ತಾನೆ. ಹಾಗೆ ಕರೆಯಬೇಕೆಂದು ಕಲಿಸಿದವರು ಯಾರೋ ಅಲ್ಲ, ಲಿಯಾನ್‌ನೇ ಕಲಿಸಿದ್ದ, ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು ತೋರಿಸಿ.

ಮುದುಕ ಬಂದು ಹಾಳೆಯನ್ನು ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. ಅವನ ಗಂಟಲಲ್ಲಿ ಏನೋ ಗುಡುಗುಡು ಅಂದಿತು. ಕೆಮ್ಮೋ ನಗೆಯೋ ತಿಳಿಯಲಿಲ್ಲ.

"ಪಾಚಿ ಜೀವಂತ ಬಂದಿದೆ" ಅಂದ. "ಏನಪ್ಪ ಲಿಯಾನ್, ನಿನಗೆ ಇದರಲ್ಲಿ ಬೇರೆ ಏನಾದ್ರೂ ಕಾಣುತ್ತಾ?"

ಬಾಯಿ ಬಿಟ್ಟರೆ ಬಣ್ಣಗೇಡು. ಇದು ಅಕ್ಷರ ಅನ್ನಬೇಕಾದರೆ ಅದೂ ಅಕ್ಷರ ಎಂದು ಒಪ್ಪಬೇಕು. ಆಗ ಗೆರೆ ಇತ್ತು ಎಂದಾಗುತ್ತದೆ, ಇದ್ದರೆ ಅದನ್ನು ಹಾಕಿದವನು ಯಾರು ಎಂದಾಗುತ್ತದೆ. ಒಂದು ಸಲ ಬಾಯಿ ತೆರೆದರೆ ಸಾಕಿತ್ತು, ಝಾನ್ ಇನ್ನೂ ಅಂಗಳದಲ್ಲಿ ಹಾಸಿಗೆ ಸುತ್ತುತ್ತಿದ್ದ.

"ಇಲ್ಲ ಅಪ್ಪ. ಪಾಚಿ."

"ಹಾಗಾದ್ರೆ ಹಾಕು. ಇನ್ನು ಮೇಲೆ ಈ ಚಿತ್ರಕ್ಕೆ ಹದಿಮೂರು ಹಲಗೆ ಅಂತ ಬರೆದಿಡು." ಮುದುಕ ಹೊರಟವನು ತಿರುಗಿ ಅವನ ಭುಜ ತಟ್ಟಿದ. "ಎಲ್ಲರೂ ಮರೀತಾರೆ ಕಣಪ್ಪ. ನೀನೂ ಮರೆತುಬಿಡ್ತೀಯ."

ಅವನು ಹಾಕತೊಡಗಿದ. ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯದರ ಹೊತ್ತಿಗೆ ಗಾಳಿ ತನ್ನ ಕೆಲಸ ಮಾಡಿತ್ತು. ಬಟ್ಟೆ ಒಣಗಿ ಹಾಳೆ ಕುಗ್ಗಿ, ಪಾಚಿ ಒಂದು ಕೂದಲೆಳೆಯಷ್ಟು ದೂರ ಎಡಕ್ಕೆ ಬಿತ್ತು. ಅಷ್ಟೇ ಸಾಕಾಗಿತ್ತು. ಅಕ್ಷರ ಬಿಚ್ಚಿಕೊಂಡಿತು. ಎಡಕ್ಕೆ ಒಂದು ಸುಮ್ಮನೆಯ ಹಸಿರು ಮಚ್ಚೆ, ಬಲಕ್ಕೆ ದೂರದಲ್ಲಿ ಎರಡು ಗೆರೆ, ಅವನ ಎರಡು ಗೆರೆ, ಒಂಟಿಯಾಗಿ, ಪೂರ್ತಿ. ಲಿಯಾನ್ ಅದನ್ನು ಇವತ್ತು ಮೊದಲ ಸಲ ನೇರವಾಗಿ ನೋಡಿದ. ಆರನೆಯದೂ ಹಾಗೇ ಬಂತು, ಏಳನೆಯದೂ. ಅವನು ಏನೂ ಮಾಡಬೇಕಿರಲಿಲ್ಲ. ಬಟ್ಟೆ ಒದ್ದೆ ಮಾಡದೆ, ಹಲಗೆ ಮುಟ್ಟದೆ ಹೀಗೇ ತೊಂಬತ್ತಮೂರು ಹಾಳೆ ಎಳೆದುಬಿಟ್ಟರೆ ಸಾಕು, ಯಾರಾದರೂ ಕೇಳಿದರೆ ಗಾಳಿ ಎಂದರಾಯಿತು. ಖುಷಿಯಾಯಿತು, ಅದು ಖುಷಿಯೇ.

ಬಾಗಿಲ ಬೆಳಕು ಕತ್ತಲಾಯಿತು. ಝಾನ್ ಹೆಗಲಿಗೆ ಗಂಟು ಹಾಕಿಕೊಂಡು ನಿಂತಿದ್ದ. ಒಳಗೆ ಬರಲಿಲ್ಲ.

"ಪಾಚಿ ಸರಿಯಾಗಿ ಕೂತಿದ್ಯಾ ಅಳಿಯಂದ್ರೇ?"

"ಒಂದು ಕೂದಲೆಳೆ ಆಚೆ ಹೋಗ್ತಿದೆ" ಅಂದ ಲಿಯಾನ್. ಯಾಕೆ ಅಂದೆ ಎಂದು ತಿಳಿಯಲಿಲ್ಲ. ಒಂಬತ್ತು ವರ್ಷದಿಂದ ಇವನು ಕೇಳುವುದು, ತಾನು ಹೇಳುವುದು ನಡೆದಿತ್ತು.

"ನಾನು ಕೆತ್ತಿದ್ದು ಸರಿಯಾಗಿದೆ."

"ಕೆತ್ತನೆ ಸರಿಯಾಗಿದೆ. ಗಾಳಿ."

"ಹಂಗಾದ್ರೆ ಅದು ನಿಮ್ಮ ಕೈಲಿದೆ. ನಿಮ್ಮ ಕೈ ಕೆಟ್ಟದ್ದು ಅಂತ ನಾನ್ಯಾವತ್ತೂ ಹೇಳಿಲ್ಲ. ಅಲ್ವಾ?" ಝಾನ್ ಗಂಟನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಹೋದ. ಅಂಗಳದ ಕಲ್ಲಿನ ಮೇಲೆ ಅವನ ಚಪ್ಪಲಿಯ ಸದ್ದು ಕೇಳಿಸಿ ನಿಂತಿತು. ತಡೆಯಲು ಬೇಕಾದಷ್ಟು ಹೊತ್ತಿತ್ತು.

ಲಿಯಾನ್ ಎಂಟನೆಯ ಹಾಳೆ ಹಾಸಿ ತಿಕ್ಕಿ ಎತ್ತಿದ. ಹಸಿರು ದೂರ, ಗೆರೆ ದೂರ. ನೋಡಲು ಹೇಸಿಗೆಯಾಗಿತ್ತು. ಕಲಿಯುವವನು ಮಾಡುವ ಕೆಲಸ, ಹಸಿರು ಎಲ್ಲೋ ಉದುರಿದ ಹಾಗೆ ಬಿದ್ದಿದೆ, ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಈ ಹಾಳೆಯನ್ನು ಬೀಜಿಂಗ್‌ನಲ್ಲಿ ಯಾರೋ ತಿಳಿದವರು ಬಿಡಿಸುತ್ತಾರೆ, ಇದನ್ನು ಅಚ್ಚು ಹಾಕಿದವನು ಯಾರಪ್ಪ ಅನ್ನುತ್ತಾರೆ. ಅವನಿಗೆ ಮೈ ಕಾವೇರಿತು. ಒಂಬತ್ತು ವರ್ಷದಲ್ಲಿ ಅವನ ಎಲೆ ಅದರ ದಂಟಿನಿಂದ ಜಾರಿದ್ದಿಲ್ಲ, ಅವನ ಹೂವಿನ ಕೆಂಪು ಎಸಳಿನ ಅಂಚು ದಾಟಿದ್ದಿಲ್ಲ. ಈ ಮನೆಯಲ್ಲಿ ಅವನದು ಅಂತ ಇದ್ದ ಒಂದೇ ಒಂದು ಅದು. ಬಟ್ಟೆ ತೆಗೆದು ನೀರಲ್ಲಿ ಅದ್ದಿ ಹಿಂಡಿ ಕಟ್ಟಿಗೆ ಹೊದಿಸಿದ. ಕೆಂಡದ ಮೇಲಿನ ಸಲಾಕೆಯನ್ನು ರಾಳದ ಅಂಚಿಗೆ ಹಿಡಿದು ಮೆತ್ತಗೆ ಮಾಡಿದ. ಉಸಿರು ಬಿಗಿಹಿಡಿದು, ಕಿರುಬೆರಳ ಉಗುರಿನಿಂದ ಝಾನ್‌ನ ಹಲಗೆಯನ್ನು ಒಂದು ಕೂದಲೆಳೆಯಷ್ಟು ಬಲಕ್ಕೆ ತಳ್ಳಿದ. ಏನು ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆರಳು ನಿಲ್ಲಲಿಲ್ಲ. ಒಂಬತ್ತನೆಯ ಹಾಳೆ ಎತ್ತಿದಾಗ 'ಸಂಜೆ' ಬಂದು 'ಬು'ವಿಗೆ ಸೇರಿ ನಿಂತಿತ್ತು, ಹಸಿರು ಕಪ್ಪಿನ ಹತ್ತಿರ ಹೋಗುತ್ತ ತೆಳುವಾಗಿ, ಕಲ್ಲಿನಲ್ಲೇ ಬೆಳೆದಂತೆ, ಅಷ್ಟು ಚೆನ್ನಾಗಿ ಬಂದದ್ದು ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಅಳು ಬಂತು. ಅತ್ತರೆ ಹಾಳೆಯ ಮೇಲೆ ಬೀಳುತ್ತದೆ ಎಂದು ಮುಖ ಪಕ್ಕಕ್ಕೆ ಮಾಡಿದ. ಹತ್ತನೆಯದನ್ನು ಇನ್ನೂ ಹದವಾಗಿ ಹಾಕಿದ.

ಬಿಸಿಲು ಅಂಗಳದ ಗೋಡೆ ಹತ್ತಿದಾಗ ನಲವತ್ತು ಮುಗಿದಿದ್ದವು. ಪೇಯುನ್ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಳು, ಖಾಲಿ ಬಟ್ಟಲಿಗೆ ಹಸಿರು ತುಂಬಲು. ಅವನು ತಲೆ ಎತ್ತಲಿಲ್ಲ. ಕುಂಚದಿಂದ ಹಲಗೆಯ ಅಂಚಿನ ಹೆಚ್ಚಿನ ಬಣ್ಣ ಹೀರುತ್ತಿದ್ದ. ಅವಳು ಬಗ್ಗಿ ಸೀಳಿನಿಂದ ಒಂದು ಹಾಳೆಯ ಅಂಚನ್ನು ಎತ್ತಿದ ಸದ್ದು ಕೇಳಿಸಿತು. ಆಮೇಲೆ ಅವಳ ದನಿ, ಮೆಲ್ಲಗೆ, ಯಾರನ್ನೂ ಬೈಯದ ದನಿ:

"ಹೊರಗೆ."

ಲಿಯಾನ್ ಕುಂಚ ಕೆಳಗಿಟ್ಟ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಪೀಠ ಹಿಂದೆ ಸರಿಸಿ, ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ.

"ಎಲ್ಲಿಗೆ ಹೊರಟ್ರಿ?" ಅಂದಳು ಪೇಯುನ್. "ನಾನು ಹಾಳೆಯಲ್ಲಿದ್ದದ್ದನ್ನ ಓದಿದ್ದು. ಕೂತ್ಕೊಳ್ಳಿ, ಇನ್ನೂ ಅರವತ್ತು ಹಾಳೆ ಇದೆ."

ಅವನು ಬಂದು ಕೂತ.